ಗಣಿ ನಾಡಿನಲ್ಲಿ ಸೌರ ವಿದ್ಯುತ್: ಸೂರಿನ ಒಡೆತನವೇ ಮೊದಲ ಪ್ರಶ್ನೆ

ಶಿವನಸಮುದ್ರದ ಜಲವಿದ್ಯುತ್ 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಲುಪಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು ಅದಾದ ಮೂರು ವರ್ಷಗಳ ನಂತರ, 1905ರಲ್ಲಿ. ಆದರೆ ಆ ಯೋಜನೆಯ ಮೊದಲ ಗ್ರಾಹಕರು ಗಣಿ ಕಂಪನಿಗಳೇ ಹೊರತು ಕಾರ್ಮಿಕರಲ್ಲ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಮೊದಲಾದ ಗಣಿಗಳ ಯಂತ್ರಗಳಿಗಾಗಿ ಬಂದ ವಿದ್ಯುತ್ ಅದು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದವು. ಗಣಿ ನಿಂತರೂ ಊರು ಉಳಿದಿದೆ. ಸೌರ ವಿದ್ಯುತ್ತಿನ ಈ ಕಾಲದಲ್ಲಿ ಇಲ್ಲಿನ ನಿವಾಸಿಗಳು ಕೇವಲ ಬಳಕೆದಾರರಾಗಿ ಉಳಿಯುವರೇ, ಪಾಲುದಾರರೂ ಆಗುವರೇ ಎಂಬುದು ಈಗಿನ ಪ್ರಶ್ನೆ.

ಯಳೇಸಂದ್ರದ ಸ್ಥಾವರ

ಸೌರ ವಿದ್ಯುತ್ ಈ ಭಾಗಕ್ಕೆ ಹೊಸದಲ್ಲ. ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 2009-10ರಲ್ಲಿ 3 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವನ್ನು ಆರಂಭಿಸಿತು. ರಾಜ್ಯದ ಮೊದಲ ಮೆಗಾವ್ಯಾಟ್ ಪ್ರಮಾಣದ ಸೌರ ಸ್ಥಾವರಗಳಲ್ಲಿ ಇದೂ ಒಂದು. ರೈತರ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿ ವಿದ್ಯುತ್ ಒದಗಿಸುವುದು ಇದರ ಉದ್ದೇಶವಾಗಿತ್ತು. ಸ್ಥಾವರ ಊರಿನಲ್ಲಿದ್ದರೂ ಒಡೆತನ ನಿಗಮದ್ದು.

ಎರಡು ಮಾದರಿಗಳು

ಸ್ಥಳೀಯರಿಗೆ ಪಾಲು ನೀಡುವ ಪ್ರಯತ್ನಗಳು ರಾಜ್ಯದ ಬೇರೆಡೆ ನಡೆದಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್‌ಗಾಗಿ ಸುಮಾರು 13,000 ಎಕರೆ ಜಮೀನನ್ನು ಖರೀದಿಸದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವಾರ್ಷಿಕ 21,000 ರೂ. ಬಾಡಿಗೆ ಆರಂಭದಲ್ಲಿ ನಿಗದಿಯಾಗಿತ್ತು. ಜಮೀನುಳ್ಳವರಿಗೆ ನಿಶ್ಚಿತ ಆದಾಯ ದೊರೆಯಿತು. ಆದರೆ ಅದೇ ಹೊಲಗಳ ಕೂಲಿಯನ್ನು ನಂಬಿದ್ದ ಭೂರಹಿತರಿಗೆ ಬಾಡಿಗೆಯಲ್ಲಿ ಪಾಲಿರಲಿಲ್ಲ.

ಎರಡನೆಯದು ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಬೆಸ್ಕಾಂ ಕೈಗೊಂಡ 'ಸೂರ್ಯ ರೈತ' ಯೋಜನೆ. 2014ರಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡರು. ಸೌರ ಪಂಪ್‌ಸೆಟ್ ಬಳಸಿ ಉಳಿದ ವಿದ್ಯುತ್ತನ್ನು ಜಾಲಕ್ಕೆ ಮಾರುವ, ಬಂದ ಹಣದ ಬಹುಭಾಗವನ್ನು ಸಾಲಕ್ಕೆ ಜಮಾ ಮಾಡುವ ಏರ್ಪಾಡು ಅದಾಗಿತ್ತು.

ಮನೆಯ ಚಾವಣಿ

ಪಟ್ಟಣವಾಸಿಗಳಿಗೆ ಈಗ ಇರುವ ಮುಖ್ಯ ದಾರಿ 2024ರ ಫೆಬ್ರುವರಿಯಲ್ಲಿ ಜಾರಿಯಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆ. ಕೇಂದ್ರದ ಸಹಾಯಧನ 1 ಕಿಲೋವ್ಯಾಟ್‌ಗೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಕಿಲೋವ್ಯಾಟ್ ಹಾಗೂ ಅದಕ್ಕೂ ಮೇಲ್ಪಟ್ಟರೆ 78,000 ರೂ. ವಸತಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂ. ದೊರೆಯುತ್ತದೆ. ಒಂದು ಕಿಲೋವ್ಯಾಟ್ ಘಟಕಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ನಿರೀಕ್ಷಿಸಬಹುದು.

ತೊಡಕಿರುವುದು ಅರ್ಹತೆಯಲ್ಲಿ. ಅರ್ಜಿದಾರರಿಗೆ ಸ್ವಂತ ಮನೆ, ಸೂಕ್ತ ಚಾವಣಿ ಮತ್ತು ವಿದ್ಯುತ್ ಸಂಪರ್ಕ ಇರಬೇಕು. ಕೆಜಿಎಫ್‌ನ ಗಣಿ ಕಾಲದ 'ಲೈನ್' ಮನೆಗಳಲ್ಲಿ ತಲೆಮಾರುಗಳಿಂದ ನೆಲೆಸಿದವರಿಗೆ ಒಡೆತನವೇ ದೀರ್ಘಕಾಲದ ಬೇಡಿಕೆ. ಹಳೆಯ ಶೀಟಿನ ಸೂರುಗಳು ಫಲಕಗಳ ಭಾರಕ್ಕೆ ತಕ್ಕವೂ ಅಲ್ಲ. ಇದಲ್ಲದೆ 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ಶೂನ್ಯ ಬಿಲ್ ಪಡೆಯುವ ಕುಟುಂಬಕ್ಕೆ ಸ್ವಂತ ಹಣ ಹೂಡುವ ಕಾರಣವೂ ಕಡಿಮೆ.

ಹಂಚಿಕೆಯ ದಾರಿ

ಸೂರಿಲ್ಲದವರನ್ನು ಒಳಗೊಳ್ಳಲು ಇರುವ ಉಪಾಯ ವರ್ಚುವಲ್ ನೆಟ್ ಮೀಟರಿಂಗ್. ಶಾಲೆ, ಸಮುದಾಯ ಭವನ ಅಥವಾ ಖಾಲಿ ಜಾಗದಲ್ಲಿ ಒಂದೇ ಘಟಕ ಸ್ಥಾಪಿಸಿ, ಉತ್ಪಾದನೆಯನ್ನು ಸದಸ್ಯರ ಬಿಲ್‌ಗಳಿಗೆ ನಿಗದಿತ ಪ್ರಮಾಣದಲ್ಲಿ ಜಮಾ ಮಾಡುವುದು ಇದರ ಕ್ರಮ. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಕರ್ನಾಟಕದಲ್ಲಿ ಇಂಥ ನಿಯಮ ಮತ್ತು ದರಗಳನ್ನು ನಿರ್ಧರಿಸುವ ಅಧಿಕಾರ ಕೆಇಆರ್‌ಸಿಯದು. ಆಯೋಗದ ಬಹಿರಂಗ ವಿಚಾರಣೆಗಳಲ್ಲಿ ಸಾಮಾನ್ಯ ಗ್ರಾಹಕರೂ ಅಹವಾಲು ಸಲ್ಲಿಸಬಹುದು.

ಸಂಘ ಕಟ್ಟುವವರು ಕೆಲವು ಸಂಗತಿಗಳನ್ನು ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು: ಜಾಗದ ಹಕ್ಕು ಯಾರದು, ಸದಸ್ಯರ ಪಾಲು ಎಷ್ಟು, ಸಾಲದ ಹೊಣೆ ಯಾರದು, ಇನ್ವರ್ಟರ್ ಕೆಟ್ಟರೆ ದುರಸ್ತಿಯ ಖರ್ಚು ಎಲ್ಲಿಂದ, ಮನೆ ಬದಲಿಸಿದವರ ಪಾಲು ಏನಾಗುತ್ತದೆ. ಇವು ಇತ್ಯರ್ಥವಾಗದೆ ಫಲಕಗಳನ್ನು ಏರಿಸಿದರೆ ಪಾಲುದಾರಿಕೆ ಕಾಗದದಲ್ಲೇ ಉಳಿದೀತು. ಬಿಸಿಲು ಎಲ್ಲರಿಗೂ ಸಮಾನ. ಅದರ ಫಲ ಸಮಾನವಾಗಬೇಕಾದರೆ ಸೂರಿನ ಹಕ್ಕುಪತ್ರ ಇಲ್ಲದವರಿಗೂ ಲೆಕ್ಕದ ಪುಸ್ತಕದಲ್ಲಿ ಸ್ಥಾನವಿರಬೇಕು.