ಬೆವರದ ಮೈ, ಗುಳ್ಳೆಯೇಳುವ ಮೈ: ಆನುವಂಶಿಕ ಚರ್ಮರೋಗಗಳ ನಿರ್ಣಯದ ಚರಿತ್ರೆ

ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಸಿಂಧ್ ಪ್ರಾಂತ್ಯದ ಒಂದು ಮನೆತನದ ಪ್ರಸ್ತಾಪವಿದೆ. ಆ ಮನೆತನದ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಬೆರಳೆಣಿಕೆಯ ಹಲ್ಲುಗಳಿದ್ದವು, ಮೈಮೇಲೆ ಕೂದಲು ವಿರಳವಾಗಿತ್ತು, ಬೇಸಿಗೆ ಬಂತೆಂದರೆ ಚರ್ಮ ಒಣಗಿ ಸಂಕಟವಾಗುತ್ತಿತ್ತು. ಹೆಣ್ಣುಮಕ್ಕಳಿಗೆ ಈ ತೊಂದರೆ ಇರಲಿಲ್ಲ. ಆದರೆ ಅವರ ಮೂಲಕ ಗಂಡುಮಕ್ಕಳಿಗೆ ದಾಟುತ್ತಿತ್ತು. ಸಿಂಧ್ ಆಗ ಮುಂಬಯಿ ಪ್ರಾಂತ್ಯದ ಭಾಗ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರುಗಳಿದ್ದ ಧಾರವಾಡ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿತ್ತು. ಸವಣೂರು ಮಾತ್ರ ನವಾಬರ ಸಂಸ್ಥಾನ.

ಈ ಲಕ್ಷಣಗಳನ್ನು ಇಂದು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂದು ಗುರುತಿಸುತ್ತಾರೆ. ಇದರ ಮುಖ್ಯ ಬಗೆಗೆ ಕಾರಣವಾದ ಇಡಿಎ ವಂಶವಾಹಿ ಪತ್ತೆಯಾದದ್ದು 1996ರಲ್ಲಿ. ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ, ಯಾರು ಯಾರ ಮಗ, ಯಾರ ಮೊಮ್ಮಗ ಎಂದು ಕೇಳಿ ಬರೆದಿಟ್ಟ ವಿವರವೇ ರೋಗದ ದಾರಿಯನ್ನು ತೋರಿಸಿತ್ತು.

ಇನ್ನೊಂದು ರೋಗದ ಕಥೆ ಬೇರೆ ದಿಕ್ಕಿನಲ್ಲಿ ಸಾಗಿತು. ಅಂಗಿಯ ಹೊಲಿಗೆ ತಾಗಿದರೂ ನೀರುಗುಳ್ಳೆ ಏಳುವ ಕಾಯಿಲೆಗೆ 1886ರಲ್ಲಿ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಹೆಸರು ಕೊಟ್ಟವರು ಹೈನ್‌ರಿಷ್ ಕೋಬ್ನರ್. ಚರ್ಮ ಯಾವ ಪದರದಲ್ಲಿ ಬಿಟ್ಟುಕೊಳ್ಳುತ್ತದೆ ಎಂಬುದನ್ನು ರೋಜರ್ ಪಿಯರ್ಸನ್ 1962ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ವಿಂಗಡಿಸಿದರು. 1991ರಲ್ಲಿ ಕೆರಾಟಿನ್‌ನ, 1993ರಲ್ಲಿ ಏಳನೆಯ ಬಗೆಯ ಕೊಲಾಜನ್‌ನ ವಂಶವಾಹಿ ದೋಷಗಳು ಸಿಕ್ಕವು.

ಪರೀಕ್ಷೆಗೆ ಹಳೆಯ ಗುಳ್ಳೆ ಆಗದು. ಅದರ ತಳ ಮಾಯತೊಡಗಿರುತ್ತದೆ. ಹಾಗಾಗಿ ಬಿರುಕು ಬೇರೆ ಪದರದಲ್ಲಿದ್ದಂತೆ ಕಾಣುತ್ತದೆ. ವೈದ್ಯರು ಗುಳ್ಳೆಯಿಲ್ಲದ ಚರ್ಮವನ್ನು ಪೆನ್ಸಿಲ್ಲಿನ ರಬ್ಬರಿನಿಂದ ಮೆಲ್ಲಗೆ ತಿರುವಿ ಉಜ್ಜಿ, ಆಗಷ್ಟೇ ಎದ್ದ ಗುಳ್ಳೆಯ ಅಂಚಿನಿಂದ ಸಣ್ಣ ಚೂರು ತೆಗೆಯುತ್ತಾರೆ.

ಕರ್ನಾಟಕದಲ್ಲಿ ಈ ಚರಿತ್ರೆಗೆ ಸಂಬಂಧದೊಳಗಿನ ಮದುವೆಯ ಅಧ್ಯಾಯವೂ ಸೇರುತ್ತದೆ. 1980ರ ದಶಕದಲ್ಲಿ ರಮಾದೇವಿ, ಅಪ್ಪಾಜಿ ರಾವ್ ಮತ್ತು ಬಿಟಲ್ಸ್ ನಡೆಸಿದ ಅಧ್ಯಯನದಲ್ಲಿ, ಹುಟ್ಟಿದ ಕೂಸುಗಳ ತಂದೆತಾಯಂದಿರಲ್ಲಿ ಸುಮಾರು ಮೂರನೆಯ ಒಂದು ಭಾಗ ರಕ್ತಸಂಬಂಧಿಗಳೆಂದು ಕಂಡುಬಂತು. ಅಕ್ಕನ ಮಗಳನ್ನು ಮದುವೆಯಾದ ಸೋದರಮಾವನ ಮಗುವಿಗೆ ಒಂದೇ ಹಿರಿಯರಿಂದ ಬಂದ ವಂಶವಾಹಿಯ ಎರಡೂ ಪ್ರತಿಗಳು ಸಿಗುವ ಸಾಧ್ಯತೆ 1/8. ಸೋದರಮಾವನ ಮಗಳನ್ನು ಮದುವೆಯಾದರೆ 1/16. ತಂದೆತಾಯಿ ಇಬ್ಬರಲ್ಲೂ ದೋಷ ಅಡಗಿದ್ದಾಗಲೇ ಮೇಲೆ ಬರುವ ಗುಳ್ಳೆರೋಗದ ಬಗೆಗಳಿಗೆ ಈ ಲೆಕ್ಕ ಮುಖ್ಯ. ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾದಿಂದ ಬೆವರದ ಗಂಡುಕೂಸಿನ ವಿಷಯದಲ್ಲಿ ಕೇಳಬೇಕಾದದ್ದು ತಾಯಿಯ ತವರಿನ ಗಂಡಸರ ಬಗ್ಗೆ. ಇದಾವುದೂ ತಿಳಿಯದ ಕಡೆ ನಾಗದೋಷದ ಮಾತು ಬರುತ್ತದೆ, ಹೆತ್ತವಳ ಮೇಲೆ ತಪ್ಪು ಬೀಳುತ್ತದೆ. ಆ ಅನ್ಯಾಯವನ್ನು ನಿಲ್ಲಿಸುವ ಶಕ್ತಿ ಸರಿಯಾದ ರೋಗನಿರ್ಣಯಕ್ಕಿದೆ.

ಮೊದಲು ಹೇಳಿದ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು, ಸವಣೂರು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದವು. ಇಲ್ಲಿನವರಿಗೆ ಹತ್ತಿರದ ಹಳೆಯ ಸರಕಾರಿ ವೈದ್ಯಕೀಯ ಕಾಲೇಜು 1957ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದದ್ದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಆಸ್ಪತ್ರೆಯೊಂದಿಗೆ ಉತ್ಕೃಷ್ಟತಾ ಕೇಂದ್ರವಾಗಿ ಹೆಸರಿಸಲ್ಪಟ್ಟಿದೆ. ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲೇ ಮೂರು ತಲೆಮಾರಿನ ಸಂಬಂಧಗಳನ್ನು ಬರೆದು ಕಳಿಸಿದರೆ, ಯಾವ ವಂಶವಾಹಿಯನ್ನು ಮೊದಲು ನೋಡಬೇಕೆಂಬುದು ಅಲ್ಲಿನವರಿಗೆ ಬೇಗ ಹೊಳೆಯುತ್ತದೆ. ಮೊದಲ ಮಗುವಿನ ದೋಷ ಖಚಿತವಾದ ಮೇಲೆ, ತಾಯಿ ಮತ್ತೆ ಬಸಿರಾದಾಗ 11ನೇ ವಾರದ ಹೊತ್ತಿಗೆ ಮಾಸಿನ ಸಣ್ಣ ಚೂರು ತೆಗೆದು ಪರೀಕ್ಷಿಸಲು ಸಾಧ್ಯ.