ಹೈನುಗಾರಿಕೆಯ ಉದ್ಯೋಗಗಳು, ಕರ್ನಾಟಕ

ಹಸು ಸಾಕುವ ರೈತರ ದುಡಿಮೆಯ ಜೊತೆಗೆ ಹಾಲಿನ ಸಂಗ್ರಹ, ಪರೀಕ್ಷೆ, ಪಶುಸೇವೆ, ಸಂಸ್ಕರಣೆಗಳಲ್ಲಿ ಬೆಳೆದುಬಂದ ಕೆಲಸಗಳು. ರಾಜ್ಯದಲ್ಲಿ ಇವುಗಳ ಚೌಕಟ್ಟು ಮೂರು ಹಂತದ್ದು: ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ (ಜನರ ಬಾಯಲ್ಲಿ ‘ಡೇರಿ’), ಅದರ ಮೇಲೆ ಹಾಲು ಒಕ್ಕೂಟ, ತುದಿಯಲ್ಲಿ ‘ನಂದಿನಿ’ ಹೆಸರಿನಲ್ಲಿ ಮಾರುವ ಕರ್ನಾಟಕ ಹಾಲು ಮಹಾಮಂಡಳಿ.

ಸಂಘದ ಹುದ್ದೆಗಳಲ್ಲಿ ಮುಖ್ಯವಾದದ್ದು ಕಾರ್ಯದರ್ಶಿಯದು. ಬೆಳಗ್ಗೆ, ಸಂಜೆ ಎರಡು ಹೊತ್ತೂ ಡೇರಿ ತೆರೆಯಬೇಕು; ಹಬ್ಬಕ್ಕೂ ರಜೆಯಿಲ್ಲ. ಕ್ಯಾನಿನಿಂದ ಸುರಿದ ಹಾಲನ್ನು ತೂಗಿ, ಮಾದರಿ ತೆಗೆದು, ಜಿಡ್ಡು ಮತ್ತು ಜಿಡ್ಡೇತರ ಘನಾಂಶ ಅಳೆಯುವುದು ಹಾಲು ಪರೀಕ್ಷಕನ ಕೆಲಸ. ಸಣ್ಣ ಸಂಘಗಳಲ್ಲಿ ಇಬ್ಬರ ಕೆಲಸವೂ ಒಬ್ಬರ ಹೆಗಲಿಗೇ ಬೀಳುತ್ತದೆ. ರೈತನ ಬಟವಾಡೆ ಈ ಅಳತೆಯ ಮೇಲೆಯೇ ನಿಂತಿರುವುದರಿಂದ ಜಗಳಗಳೂ ಇಲ್ಲೇ ಹುಟ್ಟುತ್ತವೆ.

ಕೃತಕ ಗರ್ಭಧಾರಣೆ ಕಾರ್ಯಕರ್ತರು ದ್ರವ ಸಾರಜನಕದಲ್ಲಿ (ಮೈನಸ್ 196 ಡಿಗ್ರಿ ಸೆಲ್ಸಿಯಸ್) ಕಾಪಿಟ್ಟ ವೀರ್ಯನಳಿಕೆಗಳೊಂದಿಗೆ ಮನೆಮನೆಗೆ ಹೋಗುತ್ತಾರೆ. ಬೆಳಗ್ಗೆ ಬೆದೆ ಕಂಡ ಹಸುವಿಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಗ್ಗೆ ಎಂಬುದು ಇವರ ರೂಢಿ. ಹೊತ್ತು ತಪ್ಪಿದರೆ ಮುಂದಿನ ಬೆದೆಯವರೆಗೆ ರೈತನಿಗೆ ಸುಮಾರು ಮೂರು ವಾರ ನಷ್ಟ.

ಒಕ್ಕೂಟಗಳಲ್ಲಿ ಪಶುವೈದ್ಯರು, ವಿಸ್ತರಣಾಧಿಕಾರಿಗಳು, ಡೇರಿ ತಂತ್ರಜ್ಞರು, ಮಾರಾಟ ಸಿಬ್ಬಂದಿ ಇರುತ್ತಾರೆ. ತಂತ್ರಜ್ಞರಾಗಲು ಬೆಂಗಳೂರಿನ ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಲ್ಲಿ ಪದವಿ ಶಿಕ್ಷಣವಿದೆ. ಇದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಮೇವು, ಸಗಣಿ, ಕರಾವಿನ ದುಡಿಮೆಯ ಬಹುಪಾಲು ಹೆಂಗಸರದು. ಅದಕ್ಕೆ ಹುದ್ದೆಯ ಹೆಸರಿಲ್ಲ, ಸಂಬಳವೂ ಇಲ್ಲ. ಮಹಿಳೆಯರೇ ಸದಸ್ಯರಾಗಿರುವ ಸಂಘಗಳಲ್ಲಿ ಹಾಲಿನ ಹಣ ಅವರ ಹೆಸರಿಗೇ ಬರುತ್ತದೆ.