ಸಾಲದಿಂದ ಹೊರಬರುವ ದಾರಿಗಳು: ಹೊಲ ಬರೆದುಕೊಡುವ ಮುನ್ನ ತಿಳಿದಿರಬೇಕಾದ ಮಾಹಿತಿ

ಮಿರಜ ಮತ್ತು ಜತ್ತ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಒಂದೇ ಮನೆಯ ಮೇಲೆ ನಾಲ್ಕೈದು ಬಗೆಯ ಸಾಲ ಇರುವುದು ಹೊಸದೇನಲ್ಲ. ಊರ ಸೊಸೈಟಿಯ ಬೆಳೆಸಾಲ, ಪತಸಂಸ್ಥೆಯ ಜಾಮೀನು ಸಾಲ, ಬ್ಯಾಂಕಿನ ಬಂಗಾರದ ಸಾಲ, ಮನೆಯ ಹೆಂಗಸರ ಹೆಸರಿನಲ್ಲಿ ಮೈಕ್ರೋಫೈನಾನ್ಸ್ ಕಂತು. ಇವುಗಳನ್ನು ತುಂಬಲು ಮತ್ತೆ ಸಾವಕಾರನ ಬಳಿ ಕೈಗಡ. ಕಂತು ತಪ್ಪಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಸಾವಕಾರನಿಗೆ ಹೊಲದ ಖರೇದಿ ಪತ್ರ ಬರೆದುಕೊಡುವುದು. ಕಾನೂನಿನ ಪ್ರಕಾರ ನೋಡಿದರೆ ಅದು ಕೊನೆಗೂ ಮಾಡಬಾರದ ಕೆಲಸ. ಅದಕ್ಕೆ ಮುಂಚೆ ಬೇರೆ ಬಾಗಿಲುಗಳಿವೆ. ಕೋರ್ಟಿನಲ್ಲಿ ದಿವಾಳಿ ಎಂದು ಘೋಷಿಸಿಕೊಳ್ಳುವುದೂ ಅವುಗಳಲ್ಲಿ ಒಂದು.

ಮೊದಲು ಸಾಲಗಳ ಪಟ್ಟಿ ಮಾಡಿ

ಪ್ರತಿ ಸಾಲಕ್ಕೂ ಬೇರೆ ಕಾಯ್ದೆ, ಬೇರೆ ಕಚೇರಿ ಇದೆ. ಆದ್ದರಿಂದ ಒಂದು ಹಾಳೆಯಲ್ಲಿ ಐದು ವಿಷಯ ಬರೆದುಕೊಳ್ಳಿ: ಸಾಲ ಕೊಟ್ಟವರು ಯಾರು, ಅಸಲು ಎಷ್ಟು, ಇದುವರೆಗೆ ಕಟ್ಟಿದ್ದು ಎಷ್ಟು, ಅಡವು ಏನಿದೆ, ಜಾಮೀನು ಯಾರದು. ಸಾತಬಾರಾ ಉತಾರಾ ತೆಗೆಸಿ, ಅದರ ಇತರ ಹಕ್ಕುಗಳ ಕಾಲಮ್ಮಿನಲ್ಲಿ ಯಾವ ಸಂಸ್ಥೆಯ ಬೋಜಾ ಇದೆ ಎಂದು ನೋಡಿ.

ತಂದೆಯ ಸಾಲವೂ ಪಟ್ಟಿಯಲ್ಲಿದ್ದರೆ ಒಂದು ಮಾತು ನೆನಪಿರಲಿ. ತೀರಿಹೋದವರ ಸಾಲಕ್ಕೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ಕಾನೂನಿನ ಆಧಾರದ ಮೇಲೆ ಮಗನ ವಿರುದ್ಧ ವಸೂಲಿ ಮಾಡುವುದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ನಿಲ್ಲಿಸಿದೆ. ಆ ತಿದ್ದುಪಡಿಯ ನಂತರದ ಸಾಲಗಳಿಗೆ ಇದು ಅನ್ವಯ.

ಬ್ಯಾಂಕ್, ಸೊಸೈಟಿ, ಪತಸಂಸ್ಥೆ

ಬರ, ಅತಿವೃಷ್ಟಿ, ಮಹಾಪೂರದಿಂದ ಬೆಳೆ ಹೋದರೆ ಬೆಳೆಸಾಲವನ್ನು ಅವಧಿ ಸಾಲವಾಗಿ ಪರಿವರ್ತಿಸಿ ಕಂತು ಮಾಡಿಕೊಡಲು ಬ್ಯಾಂಕಿಗೆ ಅವಕಾಶವಿದೆ. ಇದನ್ನು ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಸಾಲ ಥಕಬಾಕಿಯಾಗಿ ಎನ್‌ಪಿಎ ಆದ ಮೇಲೆ ಒಂದಾವರ್ತಿ ತೀರುವಳಿ ಕೇಳಬಹುದು. ಮರಾಠಿಯಲ್ಲಿ ಇದಕ್ಕೆ ಏಕರಕಮಿ ಕರ್ಜಫೇಡ ಎನ್ನುತ್ತಾರೆ. ಬಡ್ಡಿಯಲ್ಲಿ, ಕೆಲವೊಮ್ಮೆ ಅಸಲಿನಲ್ಲೂ ಸೂಟು ಸಿಗುತ್ತದೆ. ಇದು ನಿಮ್ಮ ಹಕ್ಕಲ್ಲ, ಸಂಸ್ಥೆಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಹಣ ತುಂಬಬೇಡಿ. ತುಂಬಿದ ಮೇಲೆ ಬಾಕಿ ಇಲ್ಲದ ದಾಖಲೆ ಪಡೆದು ತಲಾಠಿ ಕಚೇರಿಯಲ್ಲಿ ಬೋಜಾ ಕಡಿಮೆ ಮಾಡಿಸಿ. ಸಿಬಿಲ್ ವರದಿಯಲ್ಲಿ ಈ ಸಾಲ ಪೂರ್ತಿ ತೀರಿತು ಎಂದಲ್ಲ, ರಾಜಿಯಾಯಿತು ಎಂದು ದಾಖಲಾಗುತ್ತದೆ. ಮುಂದೆ ಸಾಲ ಸಿಗುವುದು ಕಷ್ಟವಾಗಬಹುದು.

ಸಾಲಮನ್ನಾ ಬರುತ್ತದೆಂದು ಕಾಯುವವರೂ ಇದ್ದಾರೆ. ಮಹಾರಾಷ್ಟ್ರದಲ್ಲಿ 2017ರಲ್ಲಿ ಒಂದೂವರೆ ಲಕ್ಷ ರೂಪಾಯಿವರೆಗಿನ ಮತ್ತು 2019ರ ಡಿಸೆಂಬರ್‌ನಲ್ಲಿ 2 ಲಕ್ಷದವರೆಗಿನ ಮನ್ನಾ ಘೋಷಣೆಯಾದವು. ಎರಡರಲ್ಲೂ ಸಾಲದ ದಿನಾಂಕದ ಮಿತಿ ಇತ್ತು, ಎರಡೂ ಸಂಸ್ಥೆಗಳ ಬೆಳೆಸಾಲಕ್ಕೆ ಸಂಬಂಧಿಸಿದ್ದವು. ಸಾವಕಾರನ ಸಾಲಕ್ಕೂ ಬಂಗಾರದ ಸಾಲಕ್ಕೂ ಅವುಗಳಿಂದ ಉಪಯೋಗವಾಗಲಿಲ್ಲ.

ಜಪ್ತಿಯ ವಿಷಯ: 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ಕೋರ್ಟಿಗೆ ಹೋಗದೆಯೇ ಅಡವಿಟ್ಟ ಮನೆ, ಅಂಗಡಿ ವಶಪಡಿಸಿಕೊಳ್ಳಬಹುದು. ಮೊದಲು 60 ದಿನಗಳ ನೋಟಿಸು ಕೊಡಬೇಕು. ಸಾಗುವಳಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಸಹಕಾರಿ ಸಂಸ್ಥೆಗಳು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ 101ನೇ ಕಲಮಿನಡಿ ವಸೂಲಿ ದಾಖಲೆ ಪಡೆದು ಹೊಲಕ್ಕೂ ಬರಬಹುದು. ಅದರ ನೋಟಿಸು ಬಂದರೆ ಸುಮ್ಮನೆ ಕೂಡದೆ ನಿಬಂಧಕರ ಮುಂದೆ ಹಾಜರಾಗಿ ಲೆಕ್ಕ ಕೇಳಿ.

ಮೈಕ್ರೋಫೈನಾನ್ಸ್ ಕಂತು

ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ, ಅಡವಿಲ್ಲದ ಸಾಲಕ್ಕೆ ಇವು ಅನ್ವಯ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಪೀಡಿಸುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರ ಮುಂದೆ ಮಾನ ತೆಗೆಯುವುದು ನಿಷಿದ್ಧ. ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448.

ಸಾವಕಾರನ ಸಾಲ

ಇಲ್ಲಿ ನಡೆಯುವುದು 2014ರ ಮಹಾರಾಷ್ಟ್ರ ಸಾವಕಾರಿ (ನಿಯಂತ್ರಣ) ಕಾಯ್ದೆ. ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ, 5 ವರ್ಷಗಳವರೆಗೆ ಜೈಲು ಶಿಕ್ಷೆ ಇದೆ. ಪರವಾನಗಿ ಇಲ್ಲದ ಸಾವಕಾರನಿಗೆ ಕೋರ್ಟು ಡಿಕ್ರಿ ಕೊಡುವಂತಿಲ್ಲ.

ಪರವಾನಗಿ ಇದ್ದವರಿಗೂ ಬಡ್ಡಿಯ ಮಿತಿ ಇದೆ. ಸರ್ಕಾರ 2014ರಲ್ಲಿ ನಿಗದಿ ಮಾಡಿದ ವಾರ್ಷಿಕ ದರಗಳು ಹೀಗಿವೆ: ರೈತರಿಗೆ ಅಡವಿದ್ದರೆ ಶೇ. 9, ಅಡವಿಲ್ಲದಿದ್ದರೆ ಶೇ. 12. ಇತರರಿಗೆ ಅಡವಿದ್ದರೆ ಶೇ. 15, ಇಲ್ಲದಿದ್ದರೆ ಶೇ. 18. ಚಕ್ರಬಡ್ಡಿ ಹಾಕುವಂತಿಲ್ಲ. ಬಡ್ಡಿಯ ಒಟ್ಟು ಮೊತ್ತ ಅಸಲನ್ನು ಮೀರುವಂತಿಲ್ಲ. ಹಿರಿಯರು ದಾಮದುಪ್ಪಟ್ಟು ಎನ್ನುತ್ತಿದ್ದ ನಿಯಮ ಇದೇ.

ಉದಾಹರಣೆಗೆ 50 ಸಾವಿರ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ 5ರಂತೆ ತಂದವರು ವರ್ಷಕ್ಕೆ 30 ಸಾವಿರ ಬಡ್ಡಿ ಕಟ್ಟುತ್ತಾರೆ. ಅಡವಿಲ್ಲದ ರೈತನ ಸಾಲಕ್ಕೆ ಕಾನೂನಿನ ಬಡ್ಡಿ 6 ಸಾವಿರ ಮಾತ್ರ. ಎರಡು ವರ್ಷ ಕಟ್ಟಿದರೆ ಬಡ್ಡಿಯೇ 60 ಸಾವಿರ, ಅಂದರೆ ಅಸಲಿಗಿಂತ ಹೆಚ್ಚು. ಸಾವಕಾರ ಇನ್ನೂ 50 ಸಾವಿರ ಬಾಕಿ ಎನ್ನುತ್ತಾನೆ. ಇಂಥ ಲೆಕ್ಕವನ್ನು ಒಪ್ಪಿ ಕಾಗದಕ್ಕೆ ಸಹಿ ಮಾಡಬೇಡಿ.

ದೂರು ಕೊಡಬೇಕಾದ ಜಾಗ ಸಾಂಗಲಿಯ ಸಹಕಾರ ಖಾತೆಯ ಜಿಲ್ಲಾ ಉಪನಿಬಂಧಕರ ಕಚೇರಿ ಅಥವಾ ತಾಲೂಕಿನ ಸಹಾಯಕ ನಿಬಂಧಕರ ಕಚೇರಿ. ಸಾಲದ ಬದಲಿಗೆ ಹೊಲವನ್ನು ಈಗಾಗಲೇ ಬರೆಸಿಕೊಂಡಿದ್ದರೆ, 18ನೇ ಕಲಮಿನಡಿ ವಿಚಾರಣೆ ನಡೆಸಿ ಆ ಪತ್ರವನ್ನು ಅಸಿಂಧು ಎಂದು ಘೋಷಿಸುವ, ಹೊಲ ವಾಪಸ್ ಕೊಡಿಸುವ ಅಧಿಕಾರ ಜಿಲ್ಲಾ ನಿಬಂಧಕರಿಗೆ ಇದೆ. ಇದಕ್ಕೆ ಕಾಲಮಿತಿ ಇರುವುದರಿಂದ ತಡ ಮಾಡಬಾರದು. ಹಣ ಕೊಟ್ಟ ಚೀಟಿ, ಫೋನ್‌ಪೇ ದಾಖಲೆ, ಸಾಕ್ಷಿದಾರರ ಹೆಸರು ಜೊತೆಗಿರಲಿ.

ಲೋಕ ಅದಾಲತ್

ಬ್ಯಾಂಕ್, ಫೈನಾನ್ಸ್, ಚೆಕ್ ಬೌನ್ಸ್ ಪ್ರಕರಣಗಳನ್ನು ರಾಜಿಯಲ್ಲಿ ಮುಗಿಸಲು ಇದು ಕಡಿಮೆ ಖರ್ಚಿನ ದಾರಿ. ಪ್ರಕರಣ ಕೋರ್ಟಿಗೆ ಹೋಗುವ ಮುಂಚೆಯೂ ಇಲ್ಲಿಗೆ ತರಬಹುದು. ಕೋರ್ಟ್ ಶುಲ್ಕ ಕಟ್ಟಿದ್ದರೆ ವಾಪಸ್ ಬರುತ್ತದೆ. ಇಲ್ಲಿನ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹಾಗಾಗಿ ತುಂಬಲು ಸಾಧ್ಯವಿರುವ ಕಂತಿಗೆ ಮಾತ್ರ ಒಪ್ಪಿಕೊಳ್ಳಿ.

ದಿವಾಳಿ ಅರ್ಜಿ

ಮರಾಠಿಯಲ್ಲಿ ನಾದಾರಿ ಎನ್ನುವುದೂ ಇದೇ. ಊರಲ್ಲಿ ಇದು ಬೈಗುಳವಾದರೂ ಕಾನೂನಿನಲ್ಲಿ ಇದು ಸಾಲಗಾರನಿಗಿರುವ ಒಂದು ರಕ್ಷಣೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿತು. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಉಳಿದ ರೈತ, ವ್ಯಾಪಾರಿ, ನೌಕರರಿಗೆ ಮುಂಬೈ, ಕೋಲ್ಕತ್ತಾ, ಚೆನ್ನೈ ನಗರಗಳ ಹೊರಗೆ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ.

ಎಲ್ಲಿ: ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ನ್ಯಾಯಾಲಯ. ಮಿರಜ, ಜತ್ತದವರಿಗೆ ಸಾಂಗಲಿ ಜಿಲ್ಲಾ ನ್ಯಾಯಾಲಯ.

ಯಾರು: ಸಾಲ ತೀರಿಸಲು ಶಕ್ತಿಯಿಲ್ಲದವರು. ಸಾಲ 500 ರೂಪಾಯಿ ಇದ್ದರೆ ಸಾಕು. ಇದು 1920ರ ಮೊತ್ತ. ಸಾಲ ಕೊಟ್ಟವರೂ ನಿಮ್ಮ ವಿರುದ್ಧ ಅರ್ಜಿ ಹಾಕಬಹುದು.

ಅರ್ಜಿಯಲ್ಲಿ: ಎಲ್ಲ ಸಾಲಗಳ ಮೊತ್ತ, ಕೊಟ್ಟವರ ಹೆಸರು ವಿಳಾಸ, ನಿಮ್ಮ ಎಲ್ಲ ಆಸ್ತಿಯ ವಿವರ ಮತ್ತು ಬೆಲೆ. ಏನನ್ನೂ ಮುಚ್ಚಿಡುವಂತಿಲ್ಲ.

ನಂತರ: ಕೋರ್ಟು ದಿವಾಳಿ ಎಂದು ಆದೇಶಿಸಿದರೆ ಅದು ಸರ್ಕಾರಿ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಆಸ್ತಿ ಕೋರ್ಟಿನ ಅಥವಾ ರಿಸೀವರ್‌ನ ಕೈಗೆ ಹೋಗುತ್ತದೆ. ಅದನ್ನು ಮಾರಿ ಎಲ್ಲರಿಗೂ ಹಂಚಲಾಗುತ್ತದೆ. ಅದಾದ ಮೇಲೆ ಕೋರ್ಟು ಹೇಳಿದ ಅವಧಿಯೊಳಗೆ ಬಿಡುಗಡೆಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ಆದೇಶವೇ ರದ್ದಾಗುತ್ತದೆ.

ಲಾಭ: ಕೋರ್ಟಿನ ಅನುಮತಿ ಇಲ್ಲದೆ ಹಳೆಯ ಸಾಲಗಾರರು ಬೇರೆ ದಾವೆ ಹಾಕುವಂತಿಲ್ಲ. ಬಂಧನದಿಂದ ರಕ್ಷಣೆ ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಜಪ್ತಿ ಮಾಡಲಾಗದ ವಸ್ತುಗಳು ನಿಮ್ಮಲ್ಲೇ ಉಳಿಯುತ್ತವೆ: ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಕಸುಬಿನ ಸಲಕರಣೆ, ಬದುಕಿಗೆ ಬೇಕಾದ ಎತ್ತು ಮತ್ತು ಬೀಜ, ರೈತ ಅಥವಾ ಕೂಲಿಕಾರ ವಾಸಿಸುವ ಮನೆ.

ನಷ್ಟ: ಹೊಲಕ್ಕೆ ಈ ರಕ್ಷಣೆ ಇಲ್ಲ. ಅಡವಿಟ್ಟುಕೊಂಡವರು ಅಡವಿನ ಆಸ್ತಿಯನ್ನು ಮಾರಿಸಿಕೊಳ್ಳಬಹುದು. ಬಿಡುಗಡೆ ಆಗುವವರೆಗೆ ಹೊಸದಾಗಿ ಬಂದ ಆಸ್ತಿಯೂ ರಿಸೀವರ್‌ಗೆ ಸೇರುತ್ತದೆ. ಗ್ರಾಮ ಪಂಚಾಯತಿ ಚುನಾವಣೆಗೆ ನಿಲ್ಲುವಂತಿಲ್ಲ. ಆಸ್ತಿಯಿಂದ ರೂಪಾಯಿಗೆ 50 ಪೈಸೆಯೂ ಹುಟ್ಟದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಬೇಕಾಗುತ್ತದೆ.

ಬಿಡುಗಡೆ ಆದರೂ ತೀರದವು: ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ. ಜಾಮೀನು ನಿಂತವರೂ ಬಿಡುಗಡೆಯಾಗುವುದಿಲ್ಲ. ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣ ಇದರಿಂದ ನಿಲ್ಲುವುದಿಲ್ಲ.

ಹೀಗಾಗಿ ಹೊಲವಿರುವವರಿಗೆ ದಿವಾಳಿ ಅರ್ಜಿ ಕೊನೆಯ ದಾರಿ. ಆಸ್ತಿಯೇ ಇಲ್ಲದೆ ಹತ್ತಾರು ಜನರ ಸಾಲ ಮೈಮೇಲೆ ಬಂದ ಅಂಗಡಿಕಾರ ಅಥವಾ ವ್ಯಾಪಾರಿಗೆ ಇದು ಹೆಚ್ಚು ಉಪಯುಕ್ತ.

ಗಡಿಯಾಚೆಯ ಸಾಲ

ಅಥಣಿ, ಕಾಗವಾಡ, ವಿಜಯಪುರ ಕಡೆಯ ಸಾಲವನ್ನೂ ಸಾಂಗಲಿಯ ದಿವಾಳಿ ಅರ್ಜಿಯಲ್ಲಿ ಸೇರಿಸಬೇಕು. ಕರ್ನಾಟಕದಲ್ಲಿರುವ ಆಸ್ತಿಯನ್ನೂ ತೋರಿಸಬೇಕು. ಕನ್ನಡದ ಕಾಗದಪತ್ರಗಳಿಗೆ ಮರಾಠಿ ಅನುವಾದ ಸಿದ್ಧವಿಟ್ಟುಕೊಳ್ಳಿ.

ಸಾಲ ವಸೂಲಿ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, 10 ವರ್ಷಗಳವರೆಗೆ ಶಿಕ್ಷೆ ಎಂಬ ಸುದ್ದಿ ಕನ್ನಡ ವಾಹಿನಿಗಳಲ್ಲಿ ನೀವೂ ನೋಡಿರಬಹುದು. ಅದು ಕರ್ನಾಟಕಕ್ಕೆ ಮಾತ್ರ. ಉಮದಿ, ಸಂಖ ಅಥವಾ ಮ್ಹೈಸಾಳದ ಮನೆಗೆ ಬಂದು ಬೆದರಿಸಿದರೆ ಮಹಾರಾಷ್ಟ್ರದ ಕಾಯ್ದೆಯೇ ನಡೆಯುತ್ತದೆ. ಹದ್ದಿಯ ನೆಪ ಹೇಳಿ ಪೊಲೀಸರು ದೂರು ನಿರಾಕರಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಇವುಗಳನ್ನು ಮಾಡಬೇಡಿ

1. ಖಾಲಿ ಚೆಕ್ಕಿಗೆ, ಖಾಲಿ ಸ್ಟ್ಯಾಂಪ್ ಕಾಗದಕ್ಕೆ ಸಹಿ ಮಾಡಬೇಡಿ. ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಸಹಿ ಮಾಡಿದವರೇ ಹೊಣೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

2. ಸಾಲ ತಪ್ಪಿಸಲು ಹೊಲವನ್ನು ಹೆಂಡತಿ ಅಥವಾ ತಮ್ಮನ ಹೆಸರಿಗೆ ಮಾಡಬೇಡಿ. ದಿವಾಳಿಗೆ ಮುಂಚಿನ 2 ವರ್ಷಗಳಲ್ಲಿ ಹಾಗೆ ಮಾಡಿದ್ದನ್ನು ಕೋರ್ಟು ರದ್ದು ಮಾಡಬಹುದು.

3. ಒಬ್ಬರ ಸಾಲ ತೀರಿಸಲು ಹೆಚ್ಚಿನ ಬಡ್ಡಿಗೆ ಇನ್ನೊಬ್ಬರಲ್ಲಿ ಸಾಲ ಮಾಡಬೇಡಿ.

4. ಜೈಲಿಗೆ ಹಾಕಿಸುತ್ತೇವೆ ಎಂಬ ಮಾತಿಗೆ ಹೆದರಬೇಡಿ. ಹಣವಿದ್ದೂ ಕೊಡದವರನ್ನು ಮಾತ್ರ ಸಿವಿಲ್ ಜೈಲಿಗೆ ಕಳಿಸಬಹುದು, ಬಡತನಕ್ಕೆ ಜೈಲಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ ತೀರ್ಪು ಕೊಟ್ಟಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದವರು ಸಾಂಗಲಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಸಾಲದ ಚಿಂತೆಯಿಂದ ಮನೆಯಲ್ಲಿ ಯಾರಾದರೂ ಊಟ ನಿದ್ದೆ ಬಿಟ್ಟಿದ್ದರೆ, ಜೀವ ಬೇಡ ಎನ್ನುತ್ತಿದ್ದರೆ, ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡಬಹುದು.